ಮೊದಲ ಸೋಲುಗಳ ಲೆಕ್ಕ

1977ನೆಯ ಇಸವಿಯ ನವೆಂಬರ್ ತಿಂಗಳು ಮುಗಿಯುವ ಹೊತ್ತಿಗೆ, ಅಮೆರಿಕ ಸಂಯುಕ್ತ ಸಂಸ್ಥಾನದ ವಾಯವ್ಯ ಮೂಲೆಯಲ್ಲಿರುವ ಸಿಯಾಟಲ್ ನಗರದ ಬ್ಯಾಸ್ಕೆಟ್‌ಬಾಲ್ ತಂಡದ ಸ್ಥಿತಿ ಮರುಕ ಹುಟ್ಟಿಸುವಂತಿತ್ತು. ಆ ತಂಡದ ಹೆಸರು ಸೂಪರ್‌ಸಾನಿಕ್ಸ್. ಆ ನಗರದ ಬೋಯಿಂಗ್ ಸಂಸ್ಥೆಯು ಶಬ್ದಕ್ಕಿಂತ ವೇಗವಾಗಿ ಹಾರುವ ಪ್ರಯಾಣಿಕ ವಿಮಾನವನ್ನು ಕಟ್ಟಲು ಹೊರಟಿದ್ದ ದಿನಗಳಲ್ಲಿ, ಎಂದರೆ 1967ರಲ್ಲಿ, ತಂಡವು ಜನ್ಮತಾಳಿದುದೇ ಆ ಹೆಸರಿಗೆ ಕಾರಣ. ಹೆಸರಿನಲ್ಲಿ ಶಬ್ದವನ್ನು ಮೀರಿಸುವ ವೇಗ. ಆಟದಲ್ಲಿ ಮಾತ್ರ ಎತ್ತಿನ ಗಾಡಿಯ ನಡಿಗೆ. ಆ ಹಂಗಾಮಿನ ಮೊದಲ 22 ಪಂದ್ಯಗಳಲ್ಲಿ ತಂಡವು ಗೆದ್ದವು 5, ಸೋತವು 17. ತರಬೇತುದಾರ ಬಾಬ್ ಹಾಪ್ಕಿನ್ಸ್ ಅವರನ್ನು ತೆಗೆದು, ತಂಡದ ಹಳೆಯ ಆಟಗಾರ ಲೆನಿ ವಿಲ್ಕೆನ್ಸ್ ಅವರ ಕೈಗೆ ಹೊಣೆಯನ್ನು ಒಪ್ಪಿಸಲಾಯಿತು. ಉಳಿದಿದ್ದ 60 ಪಂದ್ಯಗಳಲ್ಲಿ ತಂಡವು 42ನ್ನು ಗೆದ್ದಿತು! ಅಂತಿಮ ಸರಣಿಯವರೆಗೂ ಏರಿ, ಅದರ ಏಳನೆಯ ಹಾಗೂ ಕೊನೆಯ ಪಂದ್ಯದಲ್ಲಿ ವಾಷಿಂಗ್ಟನ್ ತಂಡಕ್ಕೆ 99–105 ಅಂಕಗಳಿಂದ ಸೋತಿತು. ಮರುವರ್ಷ, 1979ರಲ್ಲಿ, ಅದೇ ಎದುರಾಳಿಯನ್ನು ಒಂದಕ್ಕೆ ನಾಲ್ಕು ಪಂದ್ಯಗಳಿಂದ ಮಣಿಸಿ ಚಾಂಪಿಯನ್ ಪಟ್ಟವನ್ನೇ ಪಡೆಯಿತು.

ಇಂತಹ ಕಥೆಯನ್ನು ಕೇಳಿದೊಡನೆ ನಮ್ಮ ಮನಸ್ಸು ಒಂದು ನೀತಿಯನ್ನು ಹುಡುಕುತ್ತದೆ. "ಸೋತರೂ ಎದೆಗುಂದಬಾರದು" ಎನ್ನುವವರು ಕೆಲವರು. "ತರಬೇತುದಾರನನ್ನು ಬದಲಿಸಿದರೆ ಎಲ್ಲವೂ ಸರಿಹೋಗುತ್ತದೆ" ಎನ್ನುವವರು ಮತ್ತೆ ಕೆಲವರು. ಎರಡೂ ಅವಸರದ ಮಾತುಗಳೆಂದು ನಮ್ಮ ಅಭಿಪ್ರಾಯ. ತಂಡವೊಂದು ಹಂಗಾಮಿನ ಆರಂಭದಲ್ಲಿ ಎಡವಿದಾಗ ನಾವು ಕೇಳಬೇಕಾದ ಮೊದಲ ಪ್ರಶ್ನೆ, "ತಪ್ಪು ಯಾರದು?" ಎಂಬುದಲ್ಲ, "ಈ ಸೋಲುಗಳಿಗೆ ಒಂದು ಕಾರಣವಿದೆಯೇ, ಅಥವಾ ಇದು ಕೇವಲ ಆಕಸ್ಮಿಕವೇ?" ಎಂಬುದು. ಈ ಪ್ರಶ್ನೆಗೆ ಉತ್ತರವನ್ನು ಊಹಿಸಬೇಕಾಗಿಲ್ಲ. ಪ್ರೌಢಶಾಲೆಯ ಗಣಿತವನ್ನು ಬಲ್ಲವರು ಅದನ್ನು ಬಹುಮಟ್ಟಿಗೆ ಲೆಕ್ಕಹಾಕಿಯೇ ತಿಳಿಯಬಹುದು.

ಒಂದು ಅಗುಳಿನ ನ್ಯಾಯ

ಬ್ಯಾಸ್ಕೆಟ್‌ಬಾಲ್ ಆಟವನ್ನು 1891ರ ಡಿಸೆಂಬರ್‌ನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಶಿಕ್ಷಕರು ರೂಪಿಸಿದರು. ಅಂದು ಚೆಂಡನ್ನು ಎಸೆಯಲು ಇಟ್ಟದ್ದು ಪೀಚ್ ಹಣ್ಣಿನ ಬುಟ್ಟಿಗಳು. ಇಂದು ಎನ್.ಬಿ.ಎ. ಎಂದು ಪ್ರಸಿದ್ಧವಾಗಿರುವ ಅಮೆರಿಕದ ರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಘದಲ್ಲಿ 30 ತಂಡಗಳಿವೆ. ಪ್ರತಿಯೊಂದು ತಂಡವೂ ಒಂದು ಹಂಗಾಮಿನಲ್ಲಿ ಸಾಮಾನ್ಯವಾಗಿ 82 ಪಂದ್ಯಗಳನ್ನು, ಅರ್ಧ ತವರಿನಲ್ಲಿಯೂ ಅರ್ಧ ಪರಸ್ಥಳದಲ್ಲಿಯೂ, ಆಡುತ್ತದೆ. ಈ 82ರಲ್ಲಿ ಮೊದಲ ಹತ್ತು ಮುಗಿಯುವಷ್ಟರಲ್ಲಿಯೇ ಪತ್ರಿಕೆಗಳಲ್ಲಿ ತೀರ್ಪುಗಳು ಬರತೊಡಗುತ್ತವೆ.

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳನ್ನು ಹಿಸುಕಿದರೆ ಸಾಕೆಂದು ನಮ್ಮ ಹಿರಿಯರು ಹೇಳುತ್ತಾರೆ. ಮಾತು ನಿಜ. ಆದರೆ ಅದು ಏಕೆ ನಿಜ? ಪಾತ್ರೆಯ ಅಗುಳುಗಳೆಲ್ಲ ಒಂದೇ ಅಕ್ಕಿಯವು. ಒಂದೇ ನೀರಿನಲ್ಲಿ, ಒಂದೇ ಉರಿಯ ಮೇಲೆ, ಒಂದೇ ಹೊತ್ತು ಬೆಂದಂಥವು. ಒಂದರ ಸ್ಥಿತಿಯೇ ಎಲ್ಲವುಗಳ ಸ್ಥಿತಿ. ಪಂದ್ಯಗಳು ಹಾಗಲ್ಲ. ಇಂದಿನ ಎದುರಾಳಿ ಪ್ರಬಲ, ನಾಳೆಯವನು ದುರ್ಬಲ; ಒಂದು ಚೆಂಡು ಬಳೆಯ ಅಂಚಿಗೆ ತಗುಲಿ ಒಳಗೆ ಬೀಳುತ್ತದೆ, ಇನ್ನೊಂದು ಅದೇ ಅಂಚಿಗೆ ತಗುಲಿ ಹೊರಗೆ ಸಿಡಿಯುತ್ತದೆ. ಆದುದರಿಂದ ಒಂದು ಪಂದ್ಯವನ್ನು ಹಿಸುಕಿ ಹಂಗಾಮನ್ನೆಲ್ಲ ಅಳೆಯುವುದು ಸಲ್ಲದು. ಹಾಗಾದರೆ ಎಷ್ಟು ಪಂದ್ಯಗಳನ್ನು ನೋಡಬೇಕು?

ಇಲ್ಲಿ ವಾಚಕರು ಒಂದು ರೂಪಾಯಿಯ ನಾಣ್ಯವನ್ನು ಕೈಗೆತ್ತಿಕೊಳ್ಳಲಿ. ತಲೆ ಬಿದ್ದರೆ ಗೆಲುವು, ಬಾಲ ಬಿದ್ದರೆ ಸೋಲು ಎಂದು ಇಟ್ಟುಕೊಂಡು ಹತ್ತು ಸಲ ಚಿಮ್ಮಲಿ. ಇದು ಸರಿಸಮಾನ ಬಲದ ಎದುರಾಳಿಗಳ ನಡುವೆ ಆಡುವ ಒಂದು ಸಾಧಾರಣ ತಂಡದ ಮಾದರಿ. ಐದು ಗೆಲುವು, ಐದು ಸೋಲು ಬರಬೇಕೆಂದು ನಮಗೆ ತೋರುತ್ತದೆ. ಆದರೆ ಸರಿಯಾಗಿ ಐದೇ ತಲೆ ಬೀಳುವುದು ನಾಲ್ಕು ಪ್ರಯತ್ನಗಳಿಗೆ ಒಮ್ಮೆ ಮಾತ್ರ. ಹತ್ತು ಸಲ ಚಿಮ್ಮಿದಾಗ ಸಾಧ್ಯವಾಗುವ ಕ್ರಮಗಳು ಒಟ್ಟು 1024. ಅವುಗಳಲ್ಲಿ ತಲೆಯೇ ಇಲ್ಲದ ಕ್ರಮ 1, ಒಂದು ತಲೆಯವು 10, ಎರಡರವು 45, ಮೂರರವು 120. ಕೂಡಿದರೆ 176. ಎಂದರೆ, ಯಾವ ದೋಷವೂ ಇಲ್ಲದ ನಾಣ್ಯವು ಹತ್ತರಲ್ಲಿ ಮೂರು ಅಥವಾ ಅದಕ್ಕಿಂತ ಕಡಿಮೆ "ಗೆಲ್ಲುವ" ಸಂಭವನೀಯತೆ ನೂರಕ್ಕೆ ಸುಮಾರು 17.

ಈಗ ಒಂದು ತರಗತಿಯ 30 ವಿದ್ಯಾರ್ಥಿಗಳು ಹೀಗೆ ನಾಣ್ಯ ಚಿಮ್ಮಿದರೆಂದು ಭಾವಿಸೋಣ. ಅವರಲ್ಲಿ ಸುಮಾರು ಐವರಿಗೆ ಮೂರು ಅಥವಾ ಇನ್ನೂ ಕಡಿಮೆ ತಲೆಗಳು ಬರುತ್ತವೆ. ಇನ್ನೈವರಿಗೆ ಏಳು ಅಥವಾ ಇನ್ನೂ ಹೆಚ್ಚು. ಎನ್.ಬಿ.ಎ.ದಲ್ಲಿರುವ ತಂಡಗಳೂ 30. ಅವುಗಳೆಲ್ಲವೂ ಒಂದೇ ತೂಕದವಾಗಿದ್ದರೂ ಸಹ, ಪ್ರತಿ ವರ್ಷವೂ ಐದು ತಂಡಗಳು "ಆರಂಭದಲ್ಲೇ ಮುಗ್ಗರಿಸಿದವು" ಎನಿಸಿಕೊಳ್ಳುತ್ತಿದ್ದವು, ಐದು ತಂಡಗಳು "ಅಪೂರ್ವ ಆರಂಭ" ಎಂಬ ಹೊಗಳಿಕೆಯನ್ನು ಪಡೆಯುತ್ತಿದ್ದವು. ಮೊದಲಿನವುಗಳ ತರಬೇತುದಾರರು ನಿದ್ರೆಗೆಡುತ್ತಿದ್ದರು. ಎರಡನೆಯವುಗಳ ತರಬೇತುದಾರರು ತಮ್ಮ ವಿಧಾನವನ್ನು ಕುರಿತು ಭಾಷಣ ಮಾಡುತ್ತಿದ್ದರು. ವಾಸ್ತವದಲ್ಲಿ ಇಬ್ಬರೂ ಮಾಡಿದುದು ನಾಣ್ಯ ಚಿಮ್ಮಿದುದಷ್ಟೇ.

ಒಳ್ಳೆಯ ತಂಡಗಳೂ ಇದಕ್ಕೆ ಹೊರತಲ್ಲ. ನೂರಕ್ಕೆ 60 ಪಂದ್ಯಗಳನ್ನು ಗೆಲ್ಲಬಲ್ಲ ತಂಡವನ್ನು ಯಾರಾದರೂ ಉತ್ತಮವೆಂದೇ ಎಣಿಸುವರು. ಅಂತಹ ತಂಡವೂ ಮೊದಲ ಹತ್ತರಲ್ಲಿ ನಾಲ್ಕು ಅಥವಾ ಕಡಿಮೆ ಗೆಲ್ಲುವ ಸಂಭವ ಆರಕ್ಕೆ ಒಂದು. ಆಕಸ್ಮಿಕದ ಈ ಹೊಯ್ದಾಟ ಪಂದ್ಯಗಳ ಸಂಖ್ಯೆ ಹೆಚ್ಚಿದಂತೆ ಕಡಿಮೆಯಾಗುತ್ತದೆ. ಆದರೆ ನಿಧಾನವಾಗಿ, ಸಂಖ್ಯೆಯ ವರ್ಗಮೂಲವನ್ನು ಅನುಸರಿಸಿ. ಅನಿಶ್ಚಿತತೆಯನ್ನು ಅರ್ಧಕ್ಕೆ ಇಳಿಸಬೇಕಾದರೆ ನಾಲ್ಕರಷ್ಟು ಪಂದ್ಯಗಳನ್ನು ನೋಡಬೇಕು.

ಲೆಕ್ಕದ ಇನ್ನೊಂದು ಮುಖ

ಇಷ್ಟು ಕೇಳಿದ ಮೇಲೆ, ಸೋತ ತಂಡಗಳಿಗೆಲ್ಲ ಒಂದು ಒಳ್ಳೆಯ ನೆಪ ಸಿಕ್ಕಿತೆಂದು ಯಾರಾದರೂ ತಿಳಿದಾರು. ಹಾಗಲ್ಲ. ಯಾವ ಗಣಿತವು ಹತ್ತು ಪಂದ್ಯಗಳ ಸೋಲನ್ನು ಕ್ಷಮಿಸುತ್ತದೆಯೋ ಅದೇ ಗಣಿತವು ಸಿಯಾಟಲ್ ತಂಡದ 17 ಸೋಲುಗಳನ್ನು ಕ್ಷಮಿಸುವುದಿಲ್ಲ.

ಸರಿಸಮಾನ ಬಲದ ತಂಡವೊಂದು 22 ಪಂದ್ಯಗಳಲ್ಲಿ 5 ಅಥವಾ ಕಡಿಮೆ ಗೆಲ್ಲುವ ಸಂಭವನೀಯತೆ ನೂರಕ್ಕೆ ಒಂದಕ್ಕಿಂತಲೂ ಸ್ವಲ್ಪ ಕಡಿಮೆ. ಇದು ವಿರಳವಾದರೂ ಅಸಾಧ್ಯವಲ್ಲ. ಆ ವರ್ಷ ಸಂಘದಲ್ಲಿ 22 ತಂಡಗಳಿದ್ದವು. ಅವುಗಳಲ್ಲಿ ಯಾವುದಾದರೊಂದಕ್ಕೆ ಇಂತಹ ಗತಿ ಒದಗುವುದು ಆರು ಹಂಗಾಮುಗಳಿಗೊಮ್ಮೆ ನಿರೀಕ್ಷಿಸಬಹುದಾದ ಸಂಗತಿ. ಆದರೆ ಸಿಯಾಟಲ್ ತಂಡವು ಮುಂದೆ 60ರಲ್ಲಿ 42ನ್ನು, ಎಂದರೆ ನೂರಕ್ಕೆ 70ನ್ನು, ಗೆದ್ದಿತಲ್ಲವೇ? ಅದರ ನಿಜವಾದ ಬಲ ಮೊದಲಿನಿಂದಲೂ ಇಷ್ಟೇ ಆಗಿದ್ದಿದ್ದರೆ, 22ರಲ್ಲಿ ಐದೇ ಗೆಲುವು ಬರುವ ಸಂಭವ ಒಂದೂವರೆ ಲಕ್ಷಕ್ಕೆ ಒಂದು! ಅಷ್ಟು ಕೆಟ್ಟ ಅದೃಷ್ಟವನ್ನು ನಂಬುವುದಕ್ಕಿಂತ, ನವೆಂಬರ್‌ನ ತಂಡವೂ ಡಿಸೆಂಬರ್‌ನ ತಂಡವೂ ಒಂದೇ ಆಗಿರಲಿಲ್ಲವೆಂದು ನಂಬುವುದು ಯುಕ್ತ.

ನಿಜವಾಗಿಯೂ ಅವು ಒಂದೇ ಆಗಿರಲಿಲ್ಲ. ವಿಲ್ಕೆನ್ಸ್ ಅವರು ಬಂದೊಡನೆ ಆರಂಭದಲ್ಲಿ ಕಣಕ್ಕಿಳಿಯುವ ಐವರನ್ನು ಬದಲಿಸಿದರು. ಅನುಭವಿಯಾದ ಫ್ರೆಡ್ ಬ್ರೌನ್ ಅವರನ್ನು, ಆಟದ ನಡುವೆ ಬಂದು ಅಂಕಗಳನ್ನು ಗಳಿಸುವ ಬದಲಿ ಆಟಗಾರನ ಸ್ಥಾನಕ್ಕೆ ಸರಿಸಿದರು. ಗಸ್ ವಿಲಿಯಮ್ಸ್, ಡೆನಿಸ್ ಜಾನ್ಸನ್, ಕಾಲೇಜಿನಿಂದ ಆಗಷ್ಟೇ ಬಂದಿದ್ದ ಜ್ಯಾಕ್ ಸಿಕ್ಮಾ ಮೊದಲಾದ ತರುಣರನ್ನು ಮುಂದಕ್ಕೆ ತಂದರು. ಮನೆಯ ಕಂಬಗಳು ಅವೇ. ನಿಲ್ಲಿಸಿದ ಜಾಗಗಳು ಬೇರೆ.

ಆದುದರಿಂದ ನಾವು ಹೇಳುವುದು ಇಷ್ಟು: ತೀರ್ಪನ್ನು ತಡಮಾಡಬೇಕು, ಪರೀಕ್ಷೆಯನ್ನು ತಡಮಾಡಬಾರದು. ಹತ್ತು ಪಂದ್ಯಗಳ ಫಲಿತಾಂಶವು ಯಾರನ್ನೂ ಹೊರಹಾಕಲು ಸಾಕ್ಷ್ಯವಾಗದು. ಆದರೆ ಒಳಗೆ ಏನು ನಡೆಯುತ್ತಿದೆಯೆಂದು ಇಣುಕಿ ನೋಡಲು ಒಂದೇ ಪಂದ್ಯದ ಸೋಲು ಸಾಕು.

ಕಾರಣಗಳನ್ನು ತೂಗುವ ಬಗೆ

ಇಣುಕಿ ನೋಡಿದಾಗ ಸಾಮಾನ್ಯವಾಗಿ ಮೂರು ಕಾರಣಗಳು ಎದುರಾಗುತ್ತವೆ. ಒಂದೊಂದನ್ನೂ ತಕ್ಕಡಿಯಲ್ಲಿಟ್ಟು ತೂಗೋಣ.

ಮೊದಲನೆಯದು, "ಹೆಚ್ಚಿನ ಪಂದ್ಯಗಳು ಪರಸ್ಥಳದಲ್ಲಿದ್ದವು" ಎಂಬ ಮಾತು. ತವರಿನ ಅನುಕೂಲವು ಸುಳ್ಳಲ್ಲ. ಎನ್.ಬಿ.ಎ.ಯ ದೀರ್ಘ ಇತಿಹಾಸದಲ್ಲಿ ತವರಿನ ತಂಡಗಳು ನೂರಕ್ಕೆ ಸುಮಾರು 60 ಪಂದ್ಯಗಳನ್ನು ಗೆದ್ದಿವೆ. ಇತ್ತೀಚಿನ ವರ್ಷಗಳಲ್ಲಿ ಆ ಅಂತರ ಇನ್ನೂ ಕಿರಿದಾಗಿದೆ. ಈಗ, ಸಾಧಾರಣ ತಂಡವೊಂದರ ಮೊದಲ ಹತ್ತು ಪಂದ್ಯಗಳಲ್ಲಿ ಏಳು ಪರಸ್ಥಳದಲ್ಲಿ ನಡೆದುವೆನ್ನೋಣ. ತವರಿನ ಮೂರರಲ್ಲಿ 1.8, ಪರಸ್ಥಳದ ಏಳರಲ್ಲಿ 2.8, ಒಟ್ಟು 4.6 ಗೆಲುವುಗಳನ್ನು ನಿರೀಕ್ಷಿಸಬಹುದು. ಐದರಿಂದ 4.6ಕ್ಕೆ! ನಷ್ಟವಾದದ್ದು ಅರ್ಧ ಗೆಲುವೂ ಅಲ್ಲ. ಹತ್ತರಲ್ಲಿ ಎರಡೇ ಪಂದ್ಯ ಗೆದ್ದ ತಂಡವು ಪ್ರಯಾಣವನ್ನು ಮಾತ್ರ ದೂರಿದರೆ ಒಪ್ಪತಕ್ಕದ್ದಲ್ಲ. ಎದುರಾಳಿಗಳ ಬಲಾಬಲದ ವ್ಯತ್ಯಾಸವು ಇದಕ್ಕಿಂತ ತೂಕದ ಕಾರಣ. ಅದನ್ನು ಮಾತ್ರ ಪಟ್ಟಿಯನ್ನು ನೋಡಿ ಎಣಿಸಲೇಬೇಕು.

ಎರಡನೆಯದು ಗಾಯ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಒಮ್ಮೆಗೆ ಕಣದಲ್ಲಿರುವವರು ಐವರು ಮಾತ್ರ; ಹನ್ನೊಂದು ಮಂದಿಯ ಆಟಗಳಿಗಿಂತ ಇಲ್ಲಿ ಒಬ್ಬೊಬ್ಬನ ತೂಕವೂ ಹೆಚ್ಚು. 2024ರ ಚಳಿಗಾಲದಲ್ಲಿ ಇಂಡಿಯಾನಾ ತಂಡವು ಮೊದಲ 25 ಪಂದ್ಯಗಳಲ್ಲಿ 10ನ್ನು ಗೆದ್ದು 15ನ್ನು ಸೋತಿತ್ತು. ಆರಂಭದಲ್ಲಿ ಗಾಯಗೊಂಡು ಹೊರಗುಳಿದಿದ್ದ ಆಂಡ್ರೂ ನೆಂಬಾರ್ಡ್, ಏರನ್ ನೆಸ್ಮಿತ್ ಮೊದಲಾದವರು ಮರಳಿದ ಮೇಲೆ ತಂಡವು ಚೇತರಿಸಿಕೊಂಡು, ಉಳಿದ 57ರಲ್ಲಿ 40ನ್ನು ಗೆದ್ದಿತು. 2025ರ ಅಂತಿಮ ಸರಣಿಯನ್ನು ತಲುಪಿ ಏಳನೆಯ ಪಂದ್ಯದವರೆಗೂ ಸೆಣಸಿತು. ಆಗ ಅದನ್ನು ಸೋಲಿಸಿದ ಒಕ್ಲಹೋಮಾ ನಗರದ ತಂಡವು ಬೇರೆ ಯಾವುದೂ ಅಲ್ಲ. 2008ರಲ್ಲಿ ಸಿಯಾಟಲ್ ನಗರವನ್ನು ಬಿಟ್ಟು ಅಲ್ಲಿಗೆ ವಲಸೆ ಹೋದ ನಮ್ಮ ಹಳೆಯ ಪರಿಚಯದ ತಂಡವೇ.

ಮೂರನೆಯದು, ನಮ್ಮ ಮಟ್ಟಿಗೆ ಎಲ್ಲಕ್ಕಿಂತ ಸ್ವಾರಸ್ಯವಾದುದು: ಹೊಸಬರ ಹೊಂದಾಣಿಕೆ. ಐವರು ಆಟಗಾರರಿರುವಲ್ಲಿ ಇಬ್ಬಿಬ್ಬರ ಜೋಡಿಗಳು ಹತ್ತು. ಚೆಂಡನ್ನು ಯಾವ ಎತ್ತರಕ್ಕೆ ಎಸೆದರೆ ಜೊತೆಗಾರನಿಗೆ ಅನುಕೂಲ, ಅವನು ಎಡಕ್ಕೆ ಹೊರಳುವನೋ ಬಲಕ್ಕೋ, ಅವನು ಹಿಂದೆ ಬಿದ್ದಾಗ ಅವನ ಎದುರಾಳಿಯನ್ನು ತಡೆಯುವವರು ಯಾರು — ಇಂತಹ ತಿಳಿವಳಿಕೆ ಪ್ರತಿಯೊಂದು ಜೋಡಿಯಲ್ಲಿಯೂ ಪ್ರತ್ಯೇಕವಾಗಿ ಬೆಳೆಯಬೇಕು. ಐವರಲ್ಲಿ ಒಬ್ಬನು ಹೊಸಬನಾದರೆ ಹತ್ತು ಜೋಡಿಗಳಲ್ಲಿ ನಾಲ್ಕು ಹೊಸವು. ಇಬ್ಬರು ಹೊಸಬರಾದರೆ ಏಳು. ಮೂವರಾದರೆ ಒಂಬತ್ತು! ತಂಡದ ಅರ್ಧಕ್ಕಿಂತ ಕಡಿಮೆ ಭಾಗವನ್ನು ಬದಲಿಸಿದವರು, ತಮಗರಿವಿಲ್ಲದೆಯೇ, ಪರಸ್ಪರ ಪರಿಚಯದ ಮುಕ್ಕಾಲು ಭಾಗವನ್ನು ಬದಲಿಸಿರುತ್ತಾರೆ.

2010ರಲ್ಲಿ ಮಯಾಮಿ ನಗರದ ತಂಡಕ್ಕೆ ಲೆಬ್ರಾನ್ ಜೇಮ್ಸ್, ಕ್ರಿಸ್ ಬಾಷ್ ಎಂಬ ಇಬ್ಬರು ಪ್ರಖ್ಯಾತ ಆಟಗಾರರು ಬಂದು ಡ್ವೇನ್ ವೇಡ್ ಅವರನ್ನು ಕೂಡಿಕೊಂಡರು. ಇನ್ನು ಈ ತಂಡಕ್ಕೆ ಎದುರೇ ಇಲ್ಲವೆಂದು ಹಲವರು ಭಾವಿಸಿದ್ದರು. ಮೊದಲ 17 ಪಂದ್ಯಗಳ ಫಲ 9 ಗೆಲುವು, 8 ಸೋಲು! ತರಬೇತುದಾರ ಎರಿಕ್ ಸ್ಪೋಲ್ಸ್ಟ್ರಾ ಅವರ ಮೇಲೆ ಟೀಕೆಗಳ ಸುರಿಮಳೆಯಾಯಿತು. ತಂಡದ ಆಡಳಿತವು ಅವರನ್ನು ಉಳಿಸಿಕೊಂಡಿತು. ಉಳಿದ 65 ಪಂದ್ಯಗಳಲ್ಲಿ ತಂಡವು 49ನ್ನು ಗೆದ್ದು ಅಂತಿಮ ಸರಣಿಯನ್ನು ತಲುಪಿತು; ಆಗ ಡಲಾಸ್ ತಂಡಕ್ಕೆ ಸೋತರೂ 2012 ಮತ್ತು 2013ರಲ್ಲಿ ಅದೇ ತರಬೇತುದಾರರ ಕೈಕೆಳಗೆ ಎರಡು ಪಟ್ಟಗಳನ್ನು ಗಳಿಸಿತು. ಸಿಯಾಟಲ್ ತಂಡವು ತರಬೇತುದಾರರನ್ನು ಬದಲಿಸಿ ಮೇಲೆದ್ದಿತು. ಮಯಾಮಿ ತಂಡವು ಬದಲಿಸದೆಯೇ ಮೇಲೆದ್ದಿತು. ಹೀಗಿರುವಲ್ಲಿ ಬದಲಾವಣೆಯೇ ಸರ್ವರೋಗಗಳಿಗೂ ಮದ್ದೆಂದು ಹೇಳುವುದು ಹೇಗೆ?

ಗಾಲ್ಟನ್ನರ ಎಚ್ಚರಿಕೆ

ಇಲ್ಲಿ ಒಂದು ಸೂಕ್ಷ್ಮವಾದ ಭ್ರಮೆ ಅಡಗಿದೆ. ಅದನ್ನು ಮೊದಲು ಬಯಲಿಗೆಳೆದವರು ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ಅವರು. 1886ರಲ್ಲಿ ಅವರು ತಂದೆತಾಯಿಗಳ ಎತ್ತರವನ್ನೂ ಬೆಳೆದ ಮಕ್ಕಳ ಎತ್ತರವನ್ನೂ ಹೋಲಿಸಿ ಪ್ರಕಟಿಸಿದರು. ಬಹಳ ಎತ್ತರದವರ ಮಕ್ಕಳು ಎತ್ತರವಾಗಿಯೇ ಇದ್ದರೂ, ಸರಾಸರಿಯಾಗಿ ತಂದೆತಾಯಿಗಳಷ್ಟು ಎತ್ತರವಾಗಿರಲಿಲ್ಲ. ಬಹಳ ಕುಳ್ಳಾದವರ ಮಕ್ಕಳು ಅವರಷ್ಟು ಕುಳ್ಳಾಗಿರಲಿಲ್ಲ. ಒಂದು ಅಳತೆಯು ಅತಿರೇಕಕ್ಕೆ ಹೋದಾಗ, ಮುಂದಿನ ಅಳತೆಯು ಸಾಮಾನ್ಯವಾಗಿ ಸರಾಸರಿಯ ಕಡೆಗೆ ಹಿಂದಿರುಗುತ್ತದೆ. ಅತಿರೇಕದಲ್ಲಿ ಆಕಸ್ಮಿಕದ ಪಾಲು ಇರುವಲ್ಲೆಲ್ಲ ಇದು ನಡೆಯುವಂಥದು. ಇದಕ್ಕೆ ಬೇರೆ ಯಾವ ಪ್ರೇರಣೆಯೂ ಬೇಕಿಲ್ಲ.

ಇದನ್ನು ಆಟಕ್ಕೆ ಅನ್ವಯಿಸಿ ನೋಡಿ. ತರಬೇತುದಾರರನ್ನು ತೆಗೆದುಹಾಕುವುದು ಯಾವಾಗ? ತಂಡವು ತೀರ ಕೆಳಗೆ ಬಿದ್ದಾಗ. ಆ ಬೀಳುವಿಕೆಯಲ್ಲಿ ದುರದೃಷ್ಟದ ಪಾಲೂ ಇದ್ದಲ್ಲಿ, ಯಾರು ಬಂದರೂ, ಯಾರೂ ಬಾರದಿದ್ದರೂ, ತಂಡವು ಮುಂದೆ ಸ್ವಲ್ಪಮಟ್ಟಿಗೆ ಮೇಲೇರುವುದು ಸಹಜ. ಆದರೆ ಹೊಸಬರು ಬಂದ ಮೇಲೆ ಏರಿದುದರಿಂದ, ಹೊಸಬರಿಂದಲೇ ಏರಿತೆಂದು ಎಲ್ಲರೂ ನಂಬುತ್ತಾರೆ. ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಇದ್ದ ಸಂಬಂಧವೇ ಇದು. ನೆದರ್ಲೆಂಡ್ಸ್ ದೇಶದ ವೃತ್ತಿಪರ ಕಾಲ್ಚೆಂಡಾಟದ ಹಲವು ವರ್ಷಗಳ ದಾಖಲೆಗಳನ್ನು ಅರ್ಥಶಾಸ್ತ್ರಜ್ಞರು ಪರಿಶೀಲಿಸಿ, ತರಬೇತುದಾರರನ್ನು ಬದಲಿಸಿದ ತಂಡಗಳನ್ನೂ ಅಷ್ಟೇ ಕುಸಿದಿದ್ದರೂ ಬದಲಿಸದ ತಂಡಗಳನ್ನೂ ಹೋಲಿಸಿದ್ದಾರೆ. ಚೇತರಿಕೆ ಎರಡರಲ್ಲಿಯೂ ಕಂಡುಬಂದಿತು. ಬದಲಾವಣೆಯಿಂದ ವಿಶೇಷ ಲಾಭವಾದಂತೆ ಕಾಣಲಿಲ್ಲ. ಹೋಲಿಸಲು ಇನ್ನೊಂದು ಗುಂಪನ್ನು ಇಟ್ಟುಕೊಳ್ಳದ ಪ್ರಯೋಗವು ಪ್ರಯೋಗವೇ ಅಲ್ಲವೆಂಬ ಪಾಠವನ್ನು ವಿಜ್ಞಾನದ ವಿದ್ಯಾರ್ಥಿಗಳು ಪ್ರಯೋಗಶಾಲೆಯಲ್ಲಿ ಕಲಿಯುತ್ತಾರೆ. ಆಟದ ಬಯಲಿನಲ್ಲಿ ಮಾತ್ರ ಮರೆಯುತ್ತಾರೆ.

ಆರು-ಆರರ ಉಪಾಯ

ಹಾಗಾದರೆ ಆರಂಭದ ಫಲಿತಾಂಶವನ್ನು ಎಷ್ಟರಮಟ್ಟಿಗೆ ನಂಬಬೇಕು? ಇದಕ್ಕೆ ಒಂದು ಸ್ಥೂಲವಾದ ಉಪಾಯವಿದೆ. ತಂಡವು ಇದುವರೆಗೆ ಪಡೆದ ಗೆಲುವುಗಳಿಗೆ ಆರನ್ನೂ ಸೋಲುಗಳಿಗೆ ಆರನ್ನೂ ಕೂಡಿಸಿ, ಬಂದ ಅನುಪಾತವನ್ನು ಮುಂದಿನ ಪಂದ್ಯಗಳ ಅಂದಾಜೆಂದು ಇಟ್ಟುಕೊಳ್ಳಬೇಕು. ಕೂಡಿಸಿದ ಹನ್ನೆರಡು ಪಂದ್ಯಗಳು, "ಹೆಚ್ಚಿನ ತಂಡಗಳು ಸಾಧಾರಣವೇ" ಎಂಬ ನಮ್ಮ ಪೂರ್ವಜ್ಞಾನದ ಪ್ರತಿನಿಧಿಗಳು. ಪಂದ್ಯಗಳು ಕಡಿಮೆಯಿದ್ದಾಗ ಅವು ಅಂದಾಜನ್ನು ನಡುವಿಗೆ ಎಳೆದು ಹಿಡಿಯುತ್ತವೆ. ಪಂದ್ಯಗಳು ಹೆಚ್ಚಿದಂತೆ ಅವುಗಳ ಪ್ರಭಾವ ತಾನಾಗಿ ಕರಗುತ್ತದೆ.

3 ಗೆಲುವು, 7 ಸೋಲಿನ ತಂಡಕ್ಕೆ ಈ ಲೆಕ್ಕದಂತೆ 22ಕ್ಕೆ 9, ಎಂದರೆ ನೂರಕ್ಕೆ 41. ಕಣ್ಣಿಗೆ ಕಾಣುವ 30ಕ್ಕಿಂತ ಇದು ಎಷ್ಟೋ ಮೇಲು. 2009ರಲ್ಲಿ ನ್ಯೂಜೆರ್ಸಿ ತಂಡವು ತನ್ನ ಮೊದಲ 18 ಪಂದ್ಯಗಳನ್ನೂ ಸೋತಿತು. ಉಪಾಯದ ಪ್ರಕಾರ ಅಂದಾಜು 30ಕ್ಕೆ 6, ಎಂದರೆ ನೂರಕ್ಕೆ 20. ಉಳಿದ 64 ಪಂದ್ಯಗಳಲ್ಲಿ ಅದು ಗೆದ್ದದ್ದು 12, ನೂರಕ್ಕೆ 19! 2015ರಲ್ಲಿ ಫಿಲಡೆಲ್ಫಿಯಾ ತಂಡವೂ ಮೊದಲ 18ನ್ನು ಸೋತು, ಉಳಿದ 64ರಲ್ಲಿ 10ನ್ನು ಮಾತ್ರ ಗೆದ್ದಿತು. ಚೇತರಿಸಿಕೊಂಡವರ ಕಥೆಗಳನ್ನು ಮಾತ್ರ ಹೇಳಿ ವಾಚಕರನ್ನು ನಂಬಿಸುವುದು ನಮ್ಮ ಉದ್ದೇಶವಲ್ಲವಾದುದರಿಂದ, ಚೇತರಿಸಿಕೊಳ್ಳದ ಈ ಎರಡನ್ನೂ ಇಲ್ಲಿ ಎಣಿಸಿದ್ದೇವೆ. ಎದ್ದವರ ಹೆಸರನ್ನು ಜನ ನೆನಪಿಡುತ್ತಾರೆ. ಬಿದ್ದಲ್ಲಿಯೇ ಉಳಿದವರು ಮರೆತುಹೋಗುತ್ತಾರೆ.

ಇದಕ್ಕೆ ಪ್ರತಿಯಾಗಿ, 1996ರಲ್ಲಿ ಫೀನಿಕ್ಸ್ ತಂಡವು ಮೊದಲ 13 ಪಂದ್ಯಗಳನ್ನೂ ಸೋತಿತ್ತು. ನಮ್ಮ ಅಂದಾಜು ನೂರಕ್ಕೆ 24. ಉಳಿದ 69ರಲ್ಲಿ ಅದು ಗೆದ್ದದ್ದು 40, ನೂರಕ್ಕೆ 58. ಉಪಾಯವು ಸೋತಿತು. ಏಕೆ? ಆ ಡಿಸೆಂಬರ್‌ನಲ್ಲಿ ಜೇಸನ್ ಕಿಡ್ ಎಂಬ ಸಮರ್ಥ ಆಟಗಾರರು ಆ ತಂಡವನ್ನು ಸೇರಿದರು, ತಂಡವೇ ಬೇರೆಯಾಯಿತು. ಹೀಗೆ, ಅಂದಾಜು ಸರಿಬಂದಾಗ ಅದು ನಮಗೆ ತಾಳ್ಮೆಯನ್ನು ಕಲಿಸುತ್ತದೆ. ತಪ್ಪಿದಾಗ, "ಇಲ್ಲಿ ಏನೋ ಬದಲಾಗಿದೆ, ಹುಡುಕು" ಎಂದು ಬೆರಳು ತೋರಿಸುತ್ತದೆ. ಎರಡೂ ಉಪಯುಕ್ತವೇ.

ಗೆಲುವು-ಸೋಲುಗಳ ಜೊತೆಗೆ ಅಂಕಗಳ ಅಂತರವನ್ನೂ ಬರೆದಿಟ್ಟುಕೊಳ್ಳಬೇಕು. ಎರಡು ಅಂಕಗಳಿಂದ ಸೋತ ನಾಲ್ಕು ಪಂದ್ಯಗಳೂ ಇಪ್ಪತ್ತು ಅಂಕಗಳಿಂದ ಗೆದ್ದ ಎರಡು ಪಂದ್ಯಗಳೂ ಇರುವ ತಂಡವು ಪಟ್ಟಿಯಲ್ಲಿ ದುರ್ಬಲವಾಗಿ ತೋರುತ್ತದೆ. ಆದರೆ ಒಟ್ಟಿನಲ್ಲಿ ಅದು ಎದುರಾಳಿಗಳಿಗಿಂತ 32 ಅಂಕಗಳನ್ನು ಹೆಚ್ಚಾಗಿ ಗಳಿಸಿದೆ! ಮುಂದಿನ ಫಲಗಳನ್ನು ಊಹಿಸುವುದರಲ್ಲಿ ಅಂಕಗಳ ಅಂತರವು ಬರಿಯ ಗೆಲುವು-ಸೋಲಿಗಿಂತ ಹೆಚ್ಚು ನಂಬಿಕೆಗೆ ಅರ್ಹವೆಂದು ಆಟದ ಅಂಕಿ-ಅಂಶಗಳನ್ನು ಅಭ್ಯಸಿಸುವವರು ಕಂಡುಕೊಂಡಿದ್ದಾರೆ. ಗೆಲುವು ಎಂಬುದು ಹೌದು-ಅಲ್ಲವೆಂಬ ಒಂದೇ ಅಕ್ಷರದ ಸುದ್ದಿ; ಅಂತರವು ಪೂರ್ಣ ವಾಕ್ಯ.

ಆರಂಭಶೂರರ ಮಾತೂ ಇದೇ

ಇದೇ ಅಳತೆಗೋಲನ್ನು ಗೆದ್ದು ಮೆರೆಯುವವರಿಗೂ ಹಿಡಿಯಬೇಕು. 2015ರಲ್ಲಿ ಗೋಲ್ಡನ್ ಸ್ಟೇಟ್ ತಂಡವು ಮೊದಲ 24 ಪಂದ್ಯಗಳನ್ನೂ ಗೆದ್ದಿತು. ಹಂಗಾಮಿನಲ್ಲಿ 73 ಪಂದ್ಯಗಳನ್ನು ಗೆದ್ದು ದಾಖಲೆಯನ್ನೇ ಸ್ಥಾಪಿಸಿತು. ಆದರೂ 2016ರ ಅಂತಿಮ ಸರಣಿಯಲ್ಲಿ ಕ್ಲೀವ್‌ಲ್ಯಾಂಡ್ ತಂಡಕ್ಕೆ ಸೋತಿತು. 2024ರಲ್ಲಿ ಕ್ಲೀವ್‌ಲ್ಯಾಂಡ್ ತಂಡವೇ ಮೊದಲ 15 ಪಂದ್ಯಗಳನ್ನು ಸತತವಾಗಿ ಗೆದ್ದಿತು. 2025ರ ಅಂತಿಮ ಹಂತಗಳ ಎರಡನೆಯ ಸುತ್ತಿನಲ್ಲಿ ಅದನ್ನು ಹೊರದೂಡಿದುದು, 25ರಲ್ಲಿ 15ನ್ನು ಸೋತು ಹಂಗಾಮನ್ನು ಆರಂಭಿಸಿದ್ದ ಇಂಡಿಯಾನಾ ತಂಡ. ಬೆಳೆಯುವ ಸಿರಿಯನ್ನು ಮೊಳಕೆಯಲ್ಲಿ ಕಾಣಬಹುದೆಂಬ ಗಾದೆಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಮೊಳಕೆಯನ್ನು ನೋಡಿ ಫಸಲನ್ನು ಮಾರಿಕೊಳ್ಳುವ ರೈತನು ಎಲ್ಲಿಯೂ ಇಲ್ಲ.

ನಮ್ಮ ಶಾಲಾ ಕಾಲೇಜುಗಳಲ್ಲಿ 82 ಪಂದ್ಯಗಳ ಹಂಗಾಮು ಯಾರಿಗೂ ದೊರೆಯುವುದಿಲ್ಲವೆಂದು ನಾವು ಬಲ್ಲೆವು. ಎರಡೋ ಮೂರೋ ಪಂದ್ಯಗಳು. ಒಂದರಲ್ಲಿ ಸೋತರೆ ಮನೆಗೆ. ಅಂತಹ ಕಡೆ ತೀರ್ಪಿನ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಅಗತ್ಯ. ಒಂದು ಪಂದ್ಯದಲ್ಲಿ ಚೆಂಡನ್ನು ಬುಟ್ಟಿಗೆ ಹಾಕಲಾರದ ಹೊಸ ಹುಡುಗನನ್ನೋ ಹುಡುಗಿಯನ್ನೋ ಮುಂದಿನ ಪಂದ್ಯಕ್ಕೆ ಕೈಬಿಡುವ ನಾಯಕರು, ಒಂದು ಅಗುಳನ್ನು ಹಿಸುಕಿ ಪಾತ್ರೆಯನ್ನೇ ಚೆಲ್ಲುತ್ತಿದ್ದಾರೆ. ಅಭ್ಯಾಸದ ದಿನಗಳಲ್ಲಿ ಅವರು ಎಸೆದ ನೂರಾರು ಚೆಂಡುಗಳ ಲೆಕ್ಕವನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟಿದ್ದರೆ, ಆ ಪುಸ್ತಕವು ಒಂದು ಸಂಜೆಯ ಫಲಕ್ಕಿಂತ ಹೆಚ್ಚು ನ್ಯಾಯವಾದ ಸಾಕ್ಷಿಯಾಗುತ್ತಿತ್ತು.

ಆಟದಿಂದಾಚೆಗೂ ಈ ಮಾತಿಗೆ ಬೆಲೆಯಿದೆ. ಮೊದಲ ಕಿರುಪರೀಕ್ಷೆಯಲ್ಲಿ ಗಣಿತದ ಅಂಕಗಳು ಕಡಿಮೆ ಬಂದೊಡನೆ "ಇದು ನನ್ನ ಪಾಲಿನದಲ್ಲ" ಎಂದು ಪುಸ್ತಕವನ್ನು ಮುಚ್ಚುವ ವಿದ್ಯಾರ್ಥಿಗಳು ಪ್ರತಿ ವರ್ಷವೂ ಇದ್ದಾರೆ. ಹೊಸ ಕಾಲೇಜು, ಹೊಸ ಅಧ್ಯಾಪಕರು, ಹೊಸ ಸಹಪಾಠಿಗಳು. ಹೊಂದಿಕೊಳ್ಳಬೇಕಾದ ಜೋಡಿಗಳು ಎಷ್ಟೆಂಬುದನ್ನು ಅವರು ಎಣಿಸುವುದಿಲ್ಲ. ಒಂದು ಪರೀಕ್ಷೆಯಿಂದ ತಮ್ಮ ಮೇಲೆ ತಾವೇ ತೀರ್ಪು ಬರೆದುಕೊಳ್ಳುವ ಹಕ್ಕು ಅವರಿಗಿಲ್ಲ. ಆದರೆ ತಪ್ಪಿದ ಲೆಕ್ಕಗಳನ್ನು ಅಂದೇ ಸಂಜೆ ಮತ್ತೆ ಮಾಡಿ, ತಪ್ಪಿದುದು ಎಲ್ಲಿ ಎಂದು ನೋಡದೆ, "ಇನ್ನೂ ಆರಂಭ ತಾನೇ" ಎಂದು ಕೈಕಟ್ಟಿ ಕೂರುವ ಹಕ್ಕೂ ಇಲ್ಲ.

1978ರ ಆ ಅಂತಿಮ ಸರಣಿಯ ಏಳನೆಯ ಪಂದ್ಯದಲ್ಲಿ ಸಿಯಾಟಲ್ ತಂಡದ ಡೆನಿಸ್ ಜಾನ್ಸನ್ ಅವರು ಬುಟ್ಟಿಯತ್ತ 14 ಸಲ ಚೆಂಡನ್ನು ಗುರಿಯಿಟ್ಟು ಎಸೆದರು. ಹದಿನಾಲ್ಕೂ ತಪ್ಪಿದವು. ಆ ಒಂದು ರಾತ್ರಿಯನ್ನು ಹಿಸುಕಿ ನೋಡಿದವರು ಅವರನ್ನು ತಂಡದಿಂದ ಬಿಡಬಹುದಾಗಿತ್ತು. ತಂಡವು ಬಿಡಲಿಲ್ಲ. ಮರುವರ್ಷ ಅದೇ ಎದುರಾಳಿಯ ಮೇಲೆ ತಂಡವು ಅಂತಿಮ ಸರಣಿಯನ್ನು ಗೆದ್ದಾಗ, ಸರಣಿಯ ಶ್ರೇಷ್ಠ ಆಟಗಾರನೆಂದು ಆರಿಸಲ್ಪಟ್ಟವರು ಅವರೇ.